ಸಂಪಾದಕರ ಉತ್ತರ: ನೊಯ್ಡಾ ಇರ್ಲಿ ತಮ್ಮಾ, ಮೊದ್ಲ ಚೆಟ್ಟಿಪಾಳಯಂ ನೋಡು

ಬ್ಯಾಡಗಿ ಕಡೆಯವ, ಈಗ ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜೊಂದರಾಗ ಬೈಕ್ ರಿಪೇರಿ ಮಾಡೋ ಹುಡುಗ ಒಬ್ಬ ಉದ್ದಾನ ಪತ್ರ ಬರದಾನ. ಮೋಟೋಜಿಪಿ ಬೈಕ್ ರೇಸ್, ಫಾರ್ಮುಲಾ ಒನ್ ಕಾರ್ ರೇಸ್ ಎಲ್ಲಾ ಫೋನಿನ್ಯಾಗ ನೋಡಿ ಸಾಕಾಗೇತಿ, ಒಮ್ಮೆ ಖರೇ ರೇಸ್ ನೋಡಬೇಕು, ಕೊಯಮತ್ತೂರ ಹತ್ರ ಚೆಟ್ಟಿಪಾಳಯಂ ಅನ್ನೋ ಹಳ್ಯಾಗ ಟ್ರ್ಯಾಕ್ ಐತಂತ, ಹೋಗ್ಲೋ ಬ್ಯಾಡೋ ಅಂತ ಕೇಳ್ಯಾನ. ಗೆಳ್ಯಾರು "ಅಲ್ಲೇನೈತಲೇ, ಎರಡ ಕಿಲೋಮೀಟರಿನ ಗಲ್ಲಿ, ಹೋದ್ರ ನೊಯ್ಡಾಕ್ಕ ಹೋಗು" ಅಂತಾರಂತ. ಇನ್ನೊಬ್ಬ "ಝೂಂಯ್ ಅಂತ ಹೋತು ಅಂದ್ರ ಮುಗೀತು, ಟೀವ್ಯಾಗ ಕಂಡಷ್ಟ ಅಲ್ಲಿ ಕಾಣೂದಿಲ್ಲ" ಅಂತಾನಂತ. ಕಡೀಕ ಎರಡ ಪ್ರಶ್ನೆ: ಇಂಗ್ಲೆಂಡ್ ಹತ್ರದ ಐಲ್ ಆಫ್ ಮ್ಯಾನ್ ಅನ್ನೋ ನಡುಗಡ್ಡ್ಯಾಗ ಊರ ರಸ್ತಿ ಮ್ಯಾಲನ ರೇಸ್ ಬಿಡ್ತಾರಲ್ಲ, ನಮ್ಮ ಕಡೆ ಯಾಕ ಬಿಡಬಾರದು? ಹೋಗ್ಲಿ, ಹಾವೇರಿ ಜಿಲ್ಲಾದಾಗ ಒಂದ ಟ್ರ್ಯಾಕರ ಯಾಕ ಆಗವಲ್ತು?

ತಮ್ಮಾ, ಪತ್ರದಾಗ ನನಗ ಅಣ್ಣಾರ ಅಂದೀ, ಹಂಗಾಗಿ ನಾನೂ ಸಲಿಗಿಲೇ ಬರೀತೀನಿ. ಹೋಗು. ಚೆಟ್ಟಿಪಾಳಯಂಕ್ಕನ ಹೋಗು. ನಿನ್ನ ಗೆಳ್ಯಾರ ಮಾತ ಈ ವಿಷಯದಾಗ ಕೇಳಬ್ಯಾಡ.

ದಿಲ್ಲಿ ಹತ್ರ ಗ್ರೇಟರ್ ನೊಯ್ಡಾದ ಬುದ್ಧ ಸರ್ಕೀಟ್ ದೊಡ್ಡದು, ಅದನ್ನ ಇಲ್ಲ ಅನ್ನೂದಿಲ್ಲ. 5.125 ಕಿಲೋಮೀಟರ್, ಹರ್ಮನ್ ಟಿಲ್ಕೆ ಡಿಸೈನ್ ಮಾಡಿದ್ದು. 2011ರಿಂದ 2013ರ ತನಕ ಅಲ್ಲಿ ಫಾರ್ಮುಲಾ ಒನ್ (ಎಫ್ ಒನ್) ಆತು, ಮೂರಕ್ಕ ಮೂರೂ ವೆಟೆಲ್‌ನ ಗೆದ್ದ, ಆಮ್ಯಾಲ ಟ್ಯಾಕ್ಸ್ ತಕರಾರಿನ್ಯಾಗ ನಿಂತ ಹೋತು, 2023ರಾಗ ಮೋಟೋಜಿಪಿ ಬಂತು, ಬೆಜ್ಜೆಕ್ಕಿ ಗೆದ್ದ. ಖರೇ, ಆದ್ರ ಅಂಥಾ ಕಡೆ ಗ್ರ್ಯಾಂಡ್‌ಸ್ಟ್ಯಾಂಡಿನ್ಯಾಗ ಕುಂತವಗ ಟ್ರ್ಯಾಕಿಗೂ ತನಗೂ ನಡುವ ಭಾಳ ಜಾಗಾ ಇರತೈತಿ, ರೈಡರ್ ಯಾವ ಅಂತ ತಿಳ್ಕೊಳ್ಳಾಕ ಎದುರಿನ ದೊಡ್ಡ ಪರದೆ ನೋಡ್ಕೋತ ಕುಂದ್ರಬೇಕು, ಪರದೆ ನೋಡಾಕ ನೊಯ್ಡಾತನ ಯಾಕ ಹೋಗಬೇಕ ನೀನ ಹೇಳು.

ಚೆಟ್ಟಿಪಾಳಯಂದ ಟ್ರ್ಯಾಕಿಗೆ ಕರಿ ಮೋಟಾರ್ ಸ್ಪೀಡ್‌ವೇ ಅಂತಾರ, ಅದು ಬ್ಯಾರೆ ತರ. ಉದ್ದ 2.1 ಕಿಲೋಮೀಟರ್ ಅಷ್ಟ, 2003ರಾಗ ಶುರು ಆಗಿದ್ದು, ಎಸ್. ಕರಿವರ್ಧನ್ ಅವರ ಹೆಸರಿಟ್ಟಾರ. ಈ ಕರಿವರ್ಧನ್ ಕಥಿ ನೀ ಗ್ಯಾರೇಜಿನವ ಅಂತ ಹೇಳಾಕತ್ತೀನಿ. ಕೊಯಮತ್ತೂರಿನ ಮಿಲ್ ಮನೆತನದ ಮನಷ್ಯಾ, ಆರಾಮ ಕುಂತ ಉಣಬಹುದಿತ್ತು. ಆದ್ರ ತಾವ ಕಾರ್ ಓಡಿಸಿ ತಾವ ಕಾರ್ ಕಟ್ಟಿದ್ರು, ನಮ್ಮ ಊರಾಗ ಡಾಕ್ಟರು, ವಕೀಲರು ಆಫೀಸಿಗೆ ಹೊಡ್ಕೊಂಡ ಹೋಗತಿದ್ದ ಮಾರುತಿ 800 ಇತ್ತಲ್ಲ, ಅದರ 796 ಸಿಸಿ ಮೂರು ಸಿಲಿಂಡರಿನ ಇಂಜಿನ್ ತಗದು ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಾರ್ ಮಾಡಿದ್ರು. ಹೊರದೇಶದಿಂದ ರೇಸ್ ಕಾರ್ ತರಿಸೋ ತಾಕತ್ತ ಭಾಳ ಮಂದಿಗೆ ಇಲ್ಲದ ಕಾಲದಾಗ, ಹಂತಾ ಕಾರ್ ಸಿಕ್ಕಿದ್ರಿಂದ ಸಾಲ ಸೋಲ ಮಾಡಿಯರ ರೇಸಿಗಿ ಇಳೀಬಹುದು ಅಂತ ಹುಡುಗ್ರಿಗೆ ಧೈರ್ಯ ಬಂತು. ಅದೇ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಮಾರುತಿಯಿಂದ ಶುರು ಮಾಡಿ 2005ರಾಗ ಜೋರ್ಡಾನ್ ಟೀಮಿನ್ಯಾಗ ಎಫ್ ಒನ್ ಓಡಿಸಿದ, ಅಲ್ಲೀತನ ಹೋದ ಮೊದಲ ಭಾರತೀಯ ಅವನ. ಕರಿವರ್ಧನ್ ಅದನ್ನ ನೋಡಾಕ ಉಳೀಲಿಲ್ಲ, 1995ರಾಗ ಸಣ್ಣ ವಿಮಾನ ಬಿದ್ದು ತೀರ್ಕೊಂಡ್ರು.

ಈಗ ನಿನ್ನ ಗೆಳ್ಯಾನ ಝೂಂಯ್ ಮಾತಿಗೆ ಬರ್ತೀನಿ. ಟ್ರ್ಯಾಕ್ ಸಣ್ಣದಿದ್ದಷ್ಟ ನೋಡಾವ್ರಿಗೆ ಲಾಭ. ಚೆಟ್ಟಿಪಾಳಯಂದಾಗ ಒಂದ ಸುತ್ತಿಗೆ ಒಂದ ನಿಮಿಷ ಚಿಲ್ಲರ, ಈಗ ಹೋದವ ನೀ ಚಹಾ ಕಪ್ ಕೆಳಗ ಇಡೂದ್ರಾಗ ಮತ್ತ ಬಂದಿರ್ತಾನ, ಯಾರ ಹಿಂದ ಇದ್ದ, ಈಗ ಯಾರ ಮುಂದ ಅದಾನ ಅನ್ನೂದು ಕಣ್ಣಿಗೇ ಕಾಣತೈತಿ. ಐಲ್ ಆಫ್ ಮ್ಯಾನ್‌ನ್ಯಾಗ ಒಂದ ಸುತ್ತು 60.7 ಕಿಲೋಮೀಟರ್. 2023ರಾಗ ಪೀಟರ್ ಹಿಕ್ಮನ್ ಅನ್ನಾವ ಸರಾಸರಿ ತಾಸಿಗೆ 219 ಕಿಲೋಮೀಟರಿನ್ಯಾಗ ಸುತ್ತು ಹೊಡದ, ಹಂಗ ಹೊಡದ್ರೂ ಹದಿನಾರೂವರಿ ನಿಮಿಷ ಹಿಡೀತು. ಅಂದ್ರ ಅಲ್ಲಿ ಗ್ವಾಡಿ ಮ್ಯಾಲ ಕುಂತಾಂವ ಒಮ್ಮೆ ನೋಡಿ ಹದಿನಾರ ನಿಮಿಷ ರೇಡಿಯೋ ಕೇಳ್ಕೋತ ಕುಂದ್ರಬೇಕು. ಅಲ್ಲಿ ಎಲ್ಲಾರ್ನೂ ಕೂಡೇ ಬಿಡೂದೂ ಇಲ್ಲ, ಹತ್ತ ಸೆಕೆಂಡಿಗೊಬ್ಬರನ್ನ ಬಿಡ್ತಾರ, ಮುಂದ ಹೋಗಾಕತ್ತಾಂವನ ಗೆಲ್ಲಾಕತ್ತಾನಂತ ಹೇಳಾಕ ಬರೂದಿಲ್ಲ, ಗಡಿಯಾರ ಹೇಳಬೇಕು.

ಕುಂದ್ರೂ ಜಾಗಾದ ಬಗ್ಗೆ ಒಂದ ಮಾತು. ಹೊಸಬರೆಲ್ಲಾ ಸ್ಟಾರ್ಟ್ ಲೈನಿನ ಎದುರ ಹೋಗಿ ಕುಂದ್ರತಾರ, ಧ್ವಜ ಬೀಸೂದು ಕಾಣತೈತಿ ಅಂತ. ಅಲ್ಲಿ ಮೊದಲ ಹತ್ತ ಸೆಕೆಂಡ್ ಮಜಾ, ಆಮ್ಯಾಲ ಬರೇ ಸದ್ದು. ನೀ ಉದ್ದನ್ನ ದಾರಿ ಮುಗದು ಜೋರ್ ಬ್ರೇಕ್ ಹಿಡಿಯೋ ತಿರುವು ಎಲ್ಲೈತಿ ನೋಡು, ಪಬ್ಲಿಕ್ಕಿಗೆ ಬಿಟ್ಟ ಜಾಗಾದಾಗ ಅದಕ್ಕ ಎಷ್ಟ ಹತ್ರ ಆಕ್ಕೈತಿ ಅಷ್ಟ ಹತ್ರ ನಿಲ್ಲು. ತಿರುವಿಗಿ ಮೊದ್ಲ ಬದಿಗಿ 150, 100, 50 ಅಂತ ಬೋರ್ಡ್ ಇಟ್ಟಿರ್ತಾರ, ಅದು ಇನ್ನ ಎಷ್ಟ ಮೀಟರ್ ಐತಿ ಅನ್ನೂ ಲೆಕ್ಕ. ಕಣ್ಣ ಮುಚ್ಕೊಂಡ ಕೇಳು. ಒಬ್ಬ 100ರ ಹತ್ರ ಥ್ರಾಟಲ್ (ಎಕ್ಸಲರೇಟರ್) ಬಿಡ್ತಾನ, ಮುಂದಿನವ 80ರಾಗ ಬಿಡ್ತಾನ, ಇಂಜಿನ್ ಸದ್ದು ಕುಸಿಯೂದು ಬ್ಯಾರೆ ಬ್ಯಾರೆ ಜಾಗಾದಾಗ ಕೇಳ್ಸತೈತಿ. ಎರಡ ಸುತ್ತ ಹಿಂಗ ಕೇಳಿದ್ರ ಸಾಕು, ಮುಂದಿನ ಸುತ್ತಿನ್ಯಾಗ ಯಾರ ಯಾರನ್ನ ಹಿಂದ ಹಾಕ್ತಾರ ಅಂತ ಕಾಮೆಂಟ್ರಿಯವನಿಗಿಂತ ಮೊದ್ಲ ನೀ ಹೇಳ್ತಿ. ಟೀವ್ಯಾಗ ಇದು ಎಂದೂ ಸಿಗೂದಿಲ್ಲ, ಕಾಮೆಂಟ್ರಿಯವ ಬಾಯಿ ಮುಚ್ಚಿದ್ರಲಾ ಸಿಗೂದು!

ಹಳದಿ ಧ್ವಜ ಬಂದ್ರ ಮುಂದ ಏನೋ ಅಪಾಯ ಐತಿ, ಯಾರೂ ಓವರ್‌ಟೇಕ್ ಮಾಡೂಹಂಗಿಲ್ಲ. ಕೆಂಪು ಬಂದ್ರ ರೇಸ್ ನಿಂತಂಗ. ನೀಲಿ ಅಂದ್ರ ಹಿಂದಿಂದ ಜೋರ್ ಬರಾವಗ ದಾರಿ ಬಿಡು ಅಂತ. ಇಷ್ಟ ಗೊತ್ತಿದ್ರ ದಿನಾ ಕಳೀತೈತಿ. ಧ್ವಜ ಹಿಡಕೊಂಡ ಬಿಸಲಾಗ ನಿಂತ ಮಾರ್ಷಲ್‌ಗಳು ಹೆಚ್ಚಿನವ್ರು ನಿನ್ನಂಗ ರೇಸ್ ಹುಚ್ಚಿನವ್ರ, ಊಟದ ಬಿಡುವಿನ್ಯಾಗ ಮಾತಾಡ್ಸು.

ಪ್ಯಾಡಕ್ ಅಂದ್ರ ಟೀಮಿನವ್ರು ಬೈಕ್, ಕಾರ್ ಇಟ್ಕೊಂಡ ಸಜ್ಜ ಮಾಡೋ ಜಾಗಾ, ಅದರ ಒಳಗ ಬಿಟ್ರಂದ್ರ ನಿನ್ನ ನಸೀಬ ತೆರೀತು ಅನ್ಕೋ. ಅಲ್ಲಿ ಬೈಕ್ ಹತ್ರ ಹೋಗಿ ಮೊಣಕಾಲ ಮಡಚಿ ಕುಂತು ಇಂಜಿನ್ ಕೆಳಗ ನೋಡು. ಆಯಿಲ್ ಡ್ರೇನ್ ಬೋಲ್ಟಿನ ತಲಿಗಿ ಸಣ್ಣ ತೂತ ಕೊರದು, ಅದರಾಗ ಸ್ಟೀಲಿನ ತಂತಿ ಹಾಯ್ಸಿ, ಹೆಣದು, ಪಕ್ಕದ ಯಾವದರ ಗಟ್ಟಿ ಭಾಗಕ್ಕ ಕಟ್ಟಿರ್ತಾರ. ತಂತಿ ಎಳ್ಯೂ ದಿಕ್ಕು ಬೋಲ್ಟ್ ಬಿಗಿಯಾಗೂ ದಿಕ್ಕಿನ್ಯಾಗನ ಇರಬೇಕು, ಉಲ್ಟಾ ಕಟ್ಟಿದ್ರ ತಪಾಸಣಿಯವ್ರು ಬೈಕ್ ಹೊಳ್ಳಿ ಕಳಸ್ತಾರ. ಯಾಕಂದ್ರ ಒಬ್ಬನ ಬೋಲ್ಟ್ ಸಡ್ಲಾಗಿ ಒಂದ ಬಟ್ಟಲ ಆಯಿಲ್ ತಿರುವಿನ್ಯಾಗ ಬಿದ್ರ ಹಿಂದ ಬರಾವ್ರು ಸಾಲಾಗಿ ಬೀಳ್ತಾರ. ಅದೇ ಕಾರಣಕ್ಕ ರೇಡಿಯೇಟರಿನ್ಯಾಗ ನಾವು ಹಾಕೋ ಹಸರ ಕೂಲಂಟ್ ನಡ್ಯೂದಿಲ್ಲ, ಅದು ಚೆಲ್ಲಿದ್ರ ಜಾರತೈತಿ, ಹಂಗಾಗಿ ಬರೇ ನೀರು. ಇನ್ನೊಂದ, ಗೇರ್ ಲಿವರ್ ನೋಡು. ಭಾಳಷ್ಟ ರೇಸ್ ಬೈಕಿನ್ಯಾಗ ಅದು ಉಲ್ಟಾ, ಮೊದಲನೇ ಗೇರ್ ಮ್ಯಾಲ, ಉಳಿದದ್ದೆಲ್ಲಾ ಕೆಳಗ. ಎಡಕ್ಕ ಪೂರ್ತಿ ವಾಲಿದಾಗ ಲಿವರಿನ ಕೆಳಗ ಕಾಲ ಬಳ್ಳ ತೂರ್ಸಾಕ ಜಾಗಾ ಎಲ್ಲಿರತೈತಿ, ಮ್ಯಾಲಿಂದ ತುಳದ್ರ ಗೇರ್ ಏರಬೇಕು, ಅದಕ್ಕ. ಕಾರಿನ ಕಡೆ ಹೋದ್ರ ಎಲ್‌ಜಿಬಿ ಫಾರ್ಮುಲಾ ಫೋರ್ ಅಂತ ಅದಾವ, ಅವಕ್ಕೂ ಮಾರುತಿಯ 1.3 ಲೀಟರಿನ ಇಂಜಿನ್ನ. ಎಲ್‌ಜಿಬಿ ಅಂದ್ರ ನೀ ದಿನಾ ಹಾಕೋ ರೋಲಾನ್ ಚೈನ್ ಮಾಡೋ ಕಂಪನಿ.

ಇನ್ನ ಊರ ರಸ್ತಿ ರೇಸಿನ ಮಾತು. ಇಂಗ್ಲೆಂಡಿನ್ಯಾಗ 1903ರ ಕಾಯ್ದೆ ತಾಸಿಗೆ 20 ಮೈಲಿ ಮಿತಿ ಹಾಕ್ತು, ಮರುವರ್ಷ ಐಲ್ ಆಫ್ ಮ್ಯಾನಿನ ಸ್ವಂತ ಪಾರ್ಲಿಮೆಂಟ್ ರಸ್ತಿ ಮುಚ್ಚಿ ರೇಸ್ ಮಾಡಾಕ ಕಾನೂನು ಮಾಡಿ ಕೊಟ್ತು, 1907ರಿಂದ ಟಿಟಿ ಅನ್ನೋ ಬೈಕ್ ರೇಸ್ ನಡದೈತಿ. ಆ 60.7 ಕಿಲೋಮೀಟರಿನ ದಾರಿಗೆ ಮೌಂಟನ್ ಕೋರ್ಸ್ ಅಂತಾರ, ಅದರ ಮ್ಯಾಲ ಈತನ 250ಕ್ಕೂ ಹೆಚ್ಚು ಮಂದಿ ಸತ್ತಾರ. ಅಮೆರಿಕಾದಾಗೂ ಹಂಗ ಇತ್ತು. ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಊರಾಗ 1948ರಿಂದ ಓಣಿ ಓಣ್ಯಾಗ ಕಾರ್ ಬಿಟ್ರು. ನಮ್ಮ ಹಾವೇರಿ ಕಡೆ ದೀಪಾವಳಿ ಮುಂದ ಹೋರಿ ಬೆದರಿಸೂ ಅಖಾಡದಾಗ ಮಂದಿ ಹ್ಯಾಂಗ ಮುಂದ ಮುಂದ ನೂಕ್ಕೋತ ಬಂದು ಹೋರಿ ಬರೋ ದಾರಿನ ಇಲ್ಲದಂಗ ಮಾಡ್ತಾರ, ಅಲ್ಲೂ ಹಂಗ. 1952ರಾಗ ಒಂದ ಕಾರು ಫುಟ್‌ಪಾತಿನ ಮಂದಿಗೆ ಬಡದು ಏಳು ವರ್ಷದ ಹುಡುಗ ಸತ್ತ. ವಿಸ್ಕಾನ್ಸಿನ್‌ನ ಎಲ್ಕ್‌ಹಾರ್ಟ್ ಲೇಕ್ ಅನ್ನೋ ಸಣ್ಣ ಹಳ್ಳಿನೂ 1950ರಿಂದ ರಸ್ತಿ ರೇಸ್ ಮಾಡ್ತಿತ್ತು, ಈ ಸುದ್ದಿ ಆದ ಮ್ಯಾಲ ಆ ರಾಜ್ಯ ಊರ ರಸ್ತಿ ರೇಸ್ ಬಂದ್ ಮಾಡ್ತು. ಹಳ್ಳಿಯವ್ರು ಅಳ್ಕೋತ ಕುಂದ್ರಲಿಲ್ಲ, ಊರ ಹೊರಗ ಹೊಲದ ನಡುವ ದಿಬ್ಬ ತಗ್ಗು ಇದ್ದಂಗ ಇಟ್ಟು 1955ರಾಗ ರೋಡ್ ಅಮೆರಿಕಾ ಅಂತ ಆರೂವರಿ ಕಿಲೋಮೀಟರಿನ ಟ್ರ್ಯಾಕ್ ಕಟ್ಟಿದ್ರು, ಇವತ್ತಿಗೂ ಅದೇ ನಕ್ಷೆ. ಮಂದಿ ಇವತ್ತೂ ಗಿಡದ ನೆಳ್ಳಾಗ ಚಾದರ ಹಾಸಿ ಕುಂತ ನೋಡ್ತಾರ. ನಮ್ಮಲ್ಲೂ ಮದ್ರಾಸಿನವ್ರು ಶೋಲಾವರಂನ ಯುದ್ಧಕಾಲದ ಹಳೇ ಏರ್‌ಸ್ಟ್ರಿಪ್ ಮ್ಯಾಲ ಭಾಳ ವರ್ಷ ರೇಸ್ ಮಾಡಿ, 1990ರ ಹೊತ್ತಿಗೆ ಶ್ರೀಪೆರಂಬುದೂರ ಹತ್ರ ಇರುಂಗಾಟ್ಟುಕೋಟೈದಾಗ 3.7 ಕಿಲೋಮೀಟರಿನ ಟ್ರ್ಯಾಕ್ ಮಾಡ್ಕೊಂಡ್ರು. ಹಂಗಾಗಿ ನಮ್ಮ ಕಡೆ ಊರ ರಸ್ತಿ ರೇಸ್ ಬ್ಯಾಡ, ನಾಯಿ, ಎಮ್ಮಿ, ಹಂಪು, ಕಬ್ಬಿನ ಟ್ರ್ಯಾಕ್ಟರು, ನಿನಗ ಗೊತ್ತಿರೂದ ಐತಿ. ಬೈಪಾಸಿನ್ಯಾಗ ರಾತ್ರಿ ಗೆಳ್ಯಾರ ಕೂಡ 140 ಹೊಡದೆ ಅಂತ ಪತ್ರದ ಮೂಲ್ಯಾಗ ಬರದೀ, ಅದನ್ನ ನಾ ಛಾಪಿಸೂದಿಲ್ಲ, ಮತ್ತ ಹಂತಾದ್ದು ಬರೀಬ್ಯಾಡ.

ಹಾವೇರ್ಯಾಗ ಟ್ರ್ಯಾಕ್ ಯಾಕಿಲ್ಲ ಅಂದ್ರ ರೊಕ್ಕದ ಮಾತು ಒಂದ ಕಡೆ ಇರ್ಲಿ, ಎರಿ ಭೂಮಿ ದೊಡ್ಡ ತೊಡಕು. ಮಳ್ಯಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕೈ ಹೋಗೂವಷ್ಟ ಬಿರಕ ಬಿಡತೈತಿ, ಮ್ಯಾಲಿನ ಡಾಂಬರ ಅದರ ಕೂಡ ಏರಿಳೀತೈತಿ. ಬಸ್ಸಿಗೆ ಅದು ನಡೀತೈತಿ, ವಾಲಿಕೊಂಡ ಹೋಗೋ ರೇಸ್ ಬೈಕಿಗೆ ನಡ್ಯೂದಿಲ್ಲ. ಎರಿ ತಗದು ಆಳಕ್ಕ ಗರಸು ತುಂಬಬೇಕು, ಆ ಖರ್ಚ ಕೇಳಿದ್ರ ಯಾವ ಸಾಹುಕಾರನೂ ಓಡ್ತಾನ. ಧಾರವಾಡ ಜಿಲ್ಲಾದ ಪಡುವಣಕ್ಕ, ಕಲಘಟಗಿ ಕಡೆ ಕೆಂಪ ಮಣ್ಣಿನ ಗಟ್ಟಿ ನೆಲಾ ಐತಿ, ಅಲ್ಲಿ ಸಣ್ಣ ಗೋ-ಕಾರ್ಟ್ ಟ್ರ್ಯಾಕ್, ಇಲ್ಲಾ ಮಣ್ಣಿನ ಮ್ಯಾಲ ಕಾರ್ ಓಡಿಸೋ ಆಟೋಕ್ರಾಸ್ ಮಾಡಬಹುದು, ಡಾಂಬರನ ಬೇಕಿಲ್ಲ. ನಾಕ ಮಂದಿ ಗ್ಯಾರೇಜಿನವ್ರು ಕೂಡಿದ್ರ ಆಗೂ ಕೆಲಸ, ಪರವಾನಗಿ ಮಾತ್ರ ಮೊದ್ಲ ತಗೋಬೇಕು.

ಹೋಗೂದು ಹ್ಯಾಂಗ ಅಂದ್ರ, ಹುಬ್ಬಳ್ಳಿಯಿಂದ ರಾತ್ರಿ ಗಾಡಿಗೆ ಬೆಂಗಳೂರು, ಅಲ್ಲಿಂದ ಕೊಯಮತ್ತೂರು, ಊರಿಂದ ದಕ್ಷಿಣಕ್ಕ ಚೆಟ್ಟಿಪಾಳಯಂ. ರೇಸಿನ ತಾರೀಖ ಬದಲಾಕ್ಕಾವ, ಟಿಕೆಟ್ ಬುಕ್ ಮಾಡೂಕ ಮೊದ್ಲ ಆ ವಾರ ರೇಸ್ ಐತೋ ಇಲ್ಲೋ ಖಾತ್ರಿ ಮಾಡ್ಕೋ. ಐತವಾರದ ಫೈನಲ್ಲಿಗಷ್ಟ ಹೋಗಬ್ಯಾಡ, ಶನಿವಾರ ಯಾರ ಮುಂದ ನಿಂತ ಶುರು ಮಾಡಬೇಕ ಅಂತ ತೀರ್ಮಾನ ಮಾಡೋ ಕ್ವಾಲಿಫೈಯಿಂಗಿಗೇ ಹೋಗು, ಮಂದಿ ಕಡಿಮಿ, ಮೆಕ್ಯಾನಿಕ್‌ಗಳು ಮಾತಿಗಿ ಸಿಗ್ತಾರ. ಟೊಪ್ಪಿಗಿ ಹಾಕ್ಕೋ, ನೀರ ಜಾಸ್ತಿ ಒಯ್ಯಿ, ಕಿವಿಗೆ ಅರಳಿ ಇಟ್ಕೋ, ಬ್ರೇಕ್ ಸದ್ದ ಕೇಳೂ ಮುಂದ ಒಂದ ಕಿವಿದು ತಗದ್ರಾತು. ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡ ಹೋಗು, ಎರಡ ದಿನಾ ಬಾಳತಾವ. ಗ್ಯಾರೇಜ್ ಮಾಲಕರು ಎರಡ ದಿನದ ರಜಾ ಕೊಡವಲ್ರು ಅಂತ ಬರದಿದ್ದಿ, ಅವರನ್ನೂ ಕರಕೊಂಡ ಹೋಗು, ತಂತಿ ಕಟ್ಟೂದ ತೋರ್ಸತೀನಿ ಅನ್ನು, ಬಂದ್ರೂ ಬರ್ತಾರ.