ಟವೆಲ್ ಹಾಸಿ ಹಿಡಿಯಲು ಇದು ಬಸ್ ಸೀಟಲ್ಲ

ಓದುಗರ ಪ್ರಶ್ನೆ, ತಿಳಿದವರ ಉತ್ತರ. ಈ ಸಲ: ಪಾರ್ಕಿಂಗ್ ಜಾಗ ಹಿಡಿಯುವುದು, ಬಿಡುವುದು

ಪಾರ್ಕಿಂಗ್ ತುಂಬಿರುವ ಕಡೆ ನಮ್ಮ ಯಜಮಾನರು ನನ್ನನ್ನು ಖಾಲಿ ಜಾಗದಲ್ಲಿ ಇಳಿಸಿ, ‘ಇಲ್ಲೇ ನಿಂತಿರು, ಒಂದು ಸುತ್ತು ಹಾಕಿ ಬರ್ತೀನಿ’ ಎಂದು ಹೋಗುತ್ತಾರೆ. ಬಂದವರೆಲ್ಲ ಗುರಾಯಿಸುತ್ತಾರೆ. ನಾನು ನಿಲ್ಲುವುದು ತಪ್ಪೇ?

ತಪ್ಪು. ಗುರಾಯಿಸುವವರ ಕಡೆಯೇ ನ್ಯಾಯವಿದೆ. ಅಲ್ಲಿರುವುದು ಗಾಡಿಗಳ ಸರದಿ, ಮನುಷ್ಯರ ಸರದಿಯಲ್ಲ. ಜೊತೆಗೊಬ್ಬರು ಇದ್ದವರೆಲ್ಲ ಇಳಿದು ನಿಂತುಬಿಟ್ಟರೆ, ಒಬ್ಬರೇ ಗಾಡಿ ಓಡಿಸಿಕೊಂಡು ಬಂದವರಿಗೆ ಸಂಜೆಯವರೆಗೂ ಜಾಗ ಸಿಗುವುದಿಲ್ಲ. ಅಪಾಯವೂ ಇದೆ. ಪಕ್ಕದ ಜಾಗಕ್ಕೆ ರಿವರ್ಸ್ ಬರುವ ಚಾಲಕ ಕನ್ನಡಿಯಲ್ಲಿ ಗೆರೆ, ಕಂಬ, ಬಂಪರ್ ನೋಡುತ್ತಿರುತ್ತಾನೆ. ಅಲ್ಲೊಬ್ಬರು ನಿಂತಿರಬಹುದು ಎಂಬ ಯೋಚನೆಯೇ ಅವನಿಗಿರುವುದಿಲ್ಲ. ಮಕ್ಕಳನ್ನಂತೂ ಹೀಗೆ ನಿಲ್ಲಿಸಲೇಬಾರದು. ಅವರು ಹಿಂಬದಿ ಗಾಜಿನ ಅಂಚಿಗಿಂತ ಕುಳ್ಳಗಿರುತ್ತಾರೆ.

ಒಂದು ವಿನಾಯಿತಿ ಕೊಡಬಹುದು. ನಿಮ್ಮ ಕಾರು ಅದೇ ಸಾಲಿನಲ್ಲಿ ಕಣ್ಣಿಗೆ ಕಾಣುವಂತಿದ್ದು, ಇಂಡಿಕೇಟರ್ ಹಾಕಿಕೊಂಡು ಮುಂದಿನ ಗಾಡಿ ಸರಿಯಲಿ ಎಂದು ಕಾಯುತ್ತಿದ್ದರೆ ಒಂದು ನಿಮಿಷ ನಿಲ್ಲಿ. ಯಾರಾದರೂ ಕೇಳಿದರೆ ಬೆರಳು ತೋರಿಸಿ ‘ಅದೇ ನಮ್ಮ ಗಾಡಿ’ ಎನ್ನಲು ಆಗಬೇಕು. ಆಗದಿದ್ದರೆ ಸರಿದುಕೊಳ್ಳಿ.

ಎದುರಿನಿಂದ ಬಂದ ಚಾಲಕರಿಗೂ ಒಂದು ಮಾತು. ನಿಂತವರ ಮೇಲೆ ಇಂಚಿಂಚಾಗಿ ಗಾಡಿ ನುಗ್ಗಿಸಬೇಡಿ. ಅಲ್ಲಿಯವರೆಗೆ ಅದು ಮರ್ಯಾದೆಯ ಪ್ರಶ್ನೆ, ಆಮೇಲೆ ಪೊಲೀಸರ ಪ್ರಶ್ನೆ. ಗಾಜು ಇಳಿಸಿ ‘ನಿಮ್ಮ ಗಾಡಿ ಎಲ್ಲಿದೆ?’ ಎಂದು ಕೇಳಿ. ಹತ್ತರಲ್ಲಿ ಎಂಟು ಮಂದಿ ಅಷ್ಟಕ್ಕೇ ಸರಿಯುತ್ತಾರೆ. ಉಳಿದ ಇಬ್ಬರ ಜೊತೆ ಜಗಳ ಗೆದ್ದರೂ, ಅವರ ಕಣ್ಣೆದುರು ಕಾರು ಬಿಟ್ಟುಹೋಗುವ ಧೈರ್ಯ ನಿಮಗಿರುವುದಿಲ್ಲ.

ಒಂದು ಕಾರು ಹೊರಬರುತ್ತಿತ್ತು. ನಾನು ಮೊದಲಿಂದ ಕಾಯುತ್ತಿದ್ದೆ. ಎದುರಿನಿಂದ ಬಂದವನು ಸರಕ್ಕನೆ ನುಗ್ಗಿಬಿಟ್ಟ. ಜಾಗ ಯಾರದ್ದು?

ಮೊದಲು ಬಂದು ಕಾದವರದ್ದು, ಅಂದರೆ ನಿಮ್ಮದು. ಆದರೆ ನೀವು ಕಾಯುತ್ತಿದ್ದೀರಿ ಎಂದು ಅವನಿಗೆ ಕಂಡಿತ್ತೇ? ಇಂಡಿಕೇಟರ್ ಹಾಕದೆ ಸುಮ್ಮನೆ ನಿಂತ ಕಾರು ಯಾರನ್ನೋ ಇಳಿಸುತ್ತಿರುವಂತೆಯೇ ಕಾಣುತ್ತದೆ.

ಕಾಯುವುದಕ್ಕೂ ಕ್ರಮವಿದೆ. ಹೊರಡುವ ಗಾಡಿಯಿಂದ ಒಂದೂವರೆ ಕಾರಿನಷ್ಟು ಹಿಂದೆ ನಿಲ್ಲಿ. ಜಾಗ ಯಾವ ಕಡೆಗಿದೆಯೋ ಆ ಕಡೆಯ ಇಂಡಿಕೇಟರ್ ಹಾಕಿ. ನಾಲ್ಕೂ ದೀಪ ಮಿನುಗಿಸುವ ಹಜಾರ್ಡ್ ಬೇಡ, ಅದರಿಂದ ಯಾವ ಕಡೆ ಎಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಬರುವ ಗಾಡಿಯ ಹಿಂಭಾಗ ಯಾವ ಕಡೆ ತಿರುಗುತ್ತದೆ ಎಂದು ಊಹಿಸಿ. ಅದು ನಿಮ್ಮ ಕಡೆಗೇ ತಿರುಗಿದರೆ ನಿಮಗೂ ಜಾಗಕ್ಕೂ ನಡುವೆ ಅದೇ ಗೋಡೆಯಾಗುತ್ತದೆ, ಆ ಹೊತ್ತಿಗೆ ಎದುರಿನವನ ದಾರಿ ಸಲೀಸಾಗಿರುತ್ತದೆ. ಹಾಗನ್ನಿಸಿದಾಗ ಹೊರಡುವವರಿಗೆ ಕೈಸನ್ನೆ ಮಾಡಿ, ಇನ್ನೊಂದು ಕಡೆಗೆ ತಿರುಗಿಸಿಕೊಳ್ಳಲು ಹೇಳಿ.

ರಸ್ತೆ ಬದಿಯಲ್ಲಿ ಒಂದರ ಹಿಂದೊಂದು ನಿಲ್ಲಿಸುವ ಕಡೆ ತಕರಾರು ಬೇರೆ ಥರ. ಅಲ್ಲಿ ಜಾಗ ದಾಟಿ ಮುಂದೆ ಹೋಗಿ, ರಿವರ್ಸ್ ಬರಬೇಕು. ತಿರುಗುವುದು ಮುಂದಿನ ಚಕ್ರಗಳಾದ್ದರಿಂದ, ಹಿಂದಕ್ಕೆ ಬಂದಾಗ ಮಾತ್ರ ಮೊದಲು ಬಾಲ ಒಳಸೇರಿ ಆಮೇಲೆ ಮೂತಿ ಸೇರುತ್ತದೆ. ಕಾರಿನ ಉದ್ದಕ್ಕಿಂತ 1.2ರಿಂದ 1.5 ಮೀಟರ್ ಹೆಚ್ಚು ಜಾಗವಿದ್ದರೆ ಸಾಕು. ಅಷ್ಟರಲ್ಲೇ ಹಿಂದಿನವನು ಮೂತಿ ತೂರಿಸಿದರೆ ಅವನ ಬಾಲ ರಸ್ತೆಯಲ್ಲೇ ಉಳಿಯುತ್ತದೆ, ನಿಮಗೂ ಇಲ್ಲ ಅವನಿಗೂ ಇಲ್ಲ. ದಾಟಿ ಮುಂದೆ ಹೋದವನೇ ಮೊದಲಿಗ, ಹಿಂದಿರುವವನು ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಬೇಕು. ಮುಂದೆ ಹೋದವರು ನಿಂತ ತಕ್ಷಣ ರಿವರ್ಸ್ ಗೇರ್ ಹಾಕಬೇಕು. ಹಿಂದಿನವನಿಗೆ ನಿಮ್ಮ ಉದ್ದೇಶ ತಿಳಿಸುವುದು ಆ ಬಿಳಿ ದೀಪ.

ಹಾರ್ನ್ ಮಾತ್ರ ಹೊಡೆಯಬೇಡಿ. ಅಮೆರಿಕದ ಅಟ್ಲಾಂಟಾದಲ್ಲಿ ಮಾಲ್ ಪಾರ್ಕಿಂಗ್‌ಗಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಯಾರೂ ಕಾಯದಿದ್ದಾಗ ಜನ ಜಾಗ ಬಿಡಲು ಸುಮಾರು 32 ಸೆಕೆಂಡ್ ತೆಗೆದುಕೊಂಡರು, ಯಾರೋ ಕಾಯುತ್ತಿದ್ದಾಗ ಸುಮಾರು 39, ಹಾರ್ನ್ ಹೊಡೆದಾಗ 43. ಬಿಟ್ಟುಹೋಗುವ ಜಾಗದ ಮೇಲೂ ಮನುಷ್ಯನಿಗೆ ಅಷ್ಟು ಮೋಹ!

ನಮ್ಮ ಅಪಾರ್ಟ್‌ಮೆಂಟಿನಲ್ಲಿ 24 ಮನೆ, ಕಾರಿಗೆ 18 ಜಾಗ. ಮನೆಗೊಂದರಂತೆ ಕಾರುಗಳಿವೆ, ಮೂರು ಮನೆಗಳಲ್ಲಿ ಎರಡೆರಡು. ಹೆಚ್ಚಾದ ಕಾರುಗಳನ್ನು ಉಳಿದವರ ಕಾರಿಗೆ ಅಡ್ಡವಾಗಿ ನಿಲ್ಲಿಸಿ, ಬೇಕಾದವರು ತಳ್ಳಿಕೊಳ್ಳಲಿ ಎಂದು ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ಕೆಲವರು ಬಕೆಟ್, ಹಳೇ ಟೈರ್ ಇಟ್ಟು ಜಾಗ ಹಿಡಿಯುತ್ತಾರೆ. ದಿನಾ ಬೆಳಿಗ್ಗೆ ಕೂಗಾಟ. ನಿಯಮ ಹೇಗೆ ಮಾಡಿಕೊಳ್ಳಬೇಕು?

ಬಕೆಟ್ಟಿನ ವಿಷಯ ಸುಲಭ. ಜಾಗಕ್ಕೆ ನಂಬರ್ ಬರೆಯದಿದ್ದರೆ ಬಕೆಟ್ ಬಂದೇ ಬರುತ್ತದೆ. ಕಷ್ಟದ್ದು ನ್ಯೂಟ್ರಲ್ ವಿಷಯ, ಆದ್ದರಿಂದ ಅದೇ ಮೊದಲು.

ಎಲ್ಲ ಕಾರನ್ನೂ ನ್ಯೂಟ್ರಲ್‌ನಲ್ಲಿ ಬಿಟ್ಟುಹೋಗಲು ಬರುವುದಿಲ್ಲ. ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಮ್ಯಾನುವಲ್ ಗೇರಿನ ಕಾರಿಗೆ ಮಾತ್ರ ಇದು ಸರಿಹೋಗುತ್ತದೆ. ಆಟೊಮ್ಯಾಟಿಕ್ ಕಾರು ‘ಪಿ’ಯಲ್ಲಿ ನಿಂತರೆ ಗೇರ್‌ಬಾಕ್ಸಿನೊಳಗಿನ ಕೊಕ್ಕೆ ಚಕ್ರಗಳನ್ನು ಕಚ್ಚಿ ಹಿಡಿಯುತ್ತದೆ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಹಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಕೂಡಲೇ ಬ್ರೇಕ್ ತಾನಾಗಿಯೇ ಬಿದ್ದುಬಿಡುತ್ತದೆ. ಎಲೆಕ್ಟ್ರಿಕ್ ಕಾರುಗಳದ್ದೂ ಬಹುಪಾಲು ಇದೇ ಕಥೆ. ಇವನ್ನು ನಾಲ್ಕು ಜನ ಸೇರಿ ತಳ್ಳಿದರೂ ಟೈರ್ ಸವೆದೀತೇ ಹೊರತು ಕಾರು ಅಲುಗದು. ಇಂಥ ಕಾರು ಅಡ್ಡ ಸಾಲಿನಲ್ಲಿ ನಿಲ್ಲಲೇಬಾರದು ಎಂಬುದು ನಿಯಮದ ಮೊದಲ ಸಾಲಾಗಲಿ.

ಎರಡನೆಯದು ನೆಲ. ನೆಲಮಾಳಿಗೆ ಸಮತಟ್ಟಾಗಿ ಕಂಡರೂ ನೀರು ಹರಿದುಹೋಗಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. 100 ಮೀಟರಿಗೆ 1 ಮೀಟರಿನಷ್ಟು ಇಳಿಜಾರಿದ್ದರೂ, ಟೈರಿನಲ್ಲಿ ಗಾಳಿ ಚೆನ್ನಾಗಿರುವ ಕಾರು ಒಂದು ಸಣ್ಣ ನೂಕಿಗೆ ಹೊರಟು, ನಿಲ್ಲದೆ ಉರುಳಬಹುದು. ಆದ್ದರಿಂದ ಒಂದು ಚಕ್ರದ ಹಿಂದೆ ಮುಂದೆ ಎರಡೂ ಕಡೆ ಮರದ ಬೆಣೆ ಇಡಬೇಕು. ಇಟ್ಟಿಗೆ ಚೂರು ಬೇಡ, ಅದು ಭಾರಕ್ಕೆ ಪುಡಿಯಾಗುತ್ತದೆ. ಬೆಣೆಗೆ ಹಗ್ಗ ಕಟ್ಟಿ, ತುದಿ ಹೊರಗೆ ಕಾಣುವಂತೆ ಬಿಟ್ಟರೆ ತೆಗೆಯುವವರು ಚಕ್ರದಡಿ ಕೈ ಹಾಕಬೇಕಿಲ್ಲ.

ಸ್ಟೀರಿಂಗ್ ನೇರವಾಗಿರಲಿ. ಕೀ ತೆಗೆದ ಮೇಲೆ ಅದು ಲಾಕ್ ಆಗುತ್ತದೆ. ಚಕ್ರ ಓರೆಯಾಗಿದ್ದರೆ ತಳ್ಳಿದ ಕಾರು ನೇರ ಹೋಗದೆ ಕಂಬಕ್ಕೆ ಹೋಗುತ್ತದೆ, ಒಳಗೆ ಕೂತು ತಿರುಗಿಸುವವರು ಯಾರೂ ಇರುವುದಿಲ್ಲ.

ತಳ್ಳುವ ಕ್ರಮ: 1,000 ಕಿಲೊ ತೂಕದ ಕಾರು ಸಮ ನೆಲದಲ್ಲಿ ಉರುಳುತ್ತಿರಲು 10ರಿಂದ 15 ಕಿಲೊ ಎತ್ತುವಷ್ಟು ಬಲ ಸಾಕು, ಹೊರಡಿಸಲು ಇನ್ನಷ್ಟು ಬೇಕು. ಹೊರಡಿಸುವುದು ಕಷ್ಟವೇನಲ್ಲ, ನಿಲ್ಲಿಸುವುದೇ ಕಷ್ಟ. ಒಳಗೆ ಬ್ರೇಕ್ ಒತ್ತುವವರಿಲ್ಲ. ಅದಕ್ಕೇ ಇಬ್ಬರು ಬೇಕು: ಒಬ್ಬರು ತಳ್ಳಲು, ಇನ್ನೊಬ್ಬರು ಕಾರಿನ ಪಕ್ಕದಲ್ಲಿ ಬೆಣೆ ಹಿಡಿದು ನಡೆಯಲು. ಮುಂದೆ ನಿಂತು ಎದೆ ಕೊಟ್ಟು ನಿಲ್ಲಿಸುವ ಸಾಹಸ ಬೇಡ. ಅಂಗೈ ಅಗಲಿಸಿ, ಲೋಹದ ತಗಡು ಮಡಿಚಿ ಗಟ್ಟಿಯಾಗಿರುವ ಅಂಚಿನ ಬಳಿ ತಳ್ಳಿ. ಗಾಜು, ದೀಪ, ವೈಪರ್, ಪ್ಲಾಸ್ಟಿಕ್ ಬಂಪರಿನ ನಟ್ಟನಡು, ಇವುಗಳ ಮೇಲೆ ಕೈಯಿಟ್ಟರೆ ದುರಸ್ತಿ ಖರ್ಚು ಯಾರದೆಂಬ ಇನ್ನೊಂದು ಜಗಳ. ಗಾಡಿ ತೆಗೆದ ಮೇಲೆ ತಳ್ಳಿದ ಕಾರಿಗೆ ಬೆಣೆ ವಾಪಸ್ ಇಡುವುದು ತಳ್ಳಿದವರ ಕೆಲಸ. ಬೆಳಗಿನ ಅವಸರದಲ್ಲಿ ಮರೆತುಹೋಗುವುದು ಇದೊಂದೇ, ಕಾರು ಕಂಬಕ್ಕೆ ಗುದ್ದುವುದೂ ಇದರಿಂದಲೇ.

ಇನ್ನು ಹಂಚಿಕೆ. ಮೊದಲು ಟೇಪ್ ಹಿಡಿದು ಅಳೆಯಿರಿ. ಸಾಧಾರಣ ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ನೇರ ಕೋನದಲ್ಲಿ ನಿಲ್ಲಿಸುವುದಾದರೆ ಓಡಾಡುವ ಹಾದಿ ಸುಮಾರು 6 ಮೀಟರ್ ಇರಬೇಕು. ಕಂಬದ ಪಕ್ಕದ ಜಾಗ ಚಿಕ್ಕದಾದರೆ ಅದು ಚಿಕ್ಕ ಕಾರಿಗೇ ಎಂದು ಗುರುತು ಮಾಡಿ. ಆಮೇಲೆ ಚೀಟಿ ಎತ್ತಿ. ಮನೆಗೆ ಒಂದೇ ಚೀಟಿ, ಎರಡನೇ ಕಾರಿಗೆ ಚೀಟಿ ಇಲ್ಲ. ನಿಮ್ಮ ಲೆಕ್ಕದಲ್ಲಿ ಪ್ರತಿ ಸುತ್ತಿನಲ್ಲೂ 6 ಮನೆ ಹೊರಗುಳಿಯುತ್ತವೆ. ಒಮ್ಮೆ ಹೊರಗುಳಿದವರನ್ನು ಮತ್ತೆ ಹೊರಗಿಡದೆ, 6 ತಿಂಗಳಿಗೊಂದು ಸುತ್ತು ಎಂದಿಟ್ಟುಕೊಂಡರೆ 2 ವರ್ಷದಲ್ಲಿ ಪ್ರತಿ ಮನೆಯೂ ಒಂದೇ ಸಲ ಹೊರಗುಳಿದಂತಾಗುತ್ತದೆ. ಇಷ್ಟು ಸಮನಾದ ಲೆಕ್ಕಕ್ಕೆ ತಕರಾರು ಎತ್ತುವವರು ಕಡಿಮೆ. ಆಟೊಮ್ಯಾಟಿಕ್ ಕಾರಿನ ಮನೆಯವರಿಗೆ ಹೊರಗುಳಿಯುವ ಸರದಿ ಬಂದಾಗ ಅವರು ಆವರಣದ ಹೊರಗೆ ನಿಲ್ಲಿಸಲಿ, ಇಲ್ಲವೇ ಮ್ಯಾನುವಲ್ ಕಾರಿನವರ ಜೊತೆ ಸರದಿ ಅದಲುಬದಲು ಮಾಡಿಕೊಳ್ಳಲಿ. ಎಲ್ಲವನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ. ನಡೆಯಲು ಕಷ್ಟವಿರುವವರಿಗೆ ಲಿಫ್ಟಿನ ಪಕ್ಕದ ಜಾಗ ಚೀಟಿಯಿಲ್ಲದೆ ಕೊಡಿ.

ನಂಬರ್ ಬರೆದ ಮೇಲೂ ಬಕೆಟ್ ಕಂಡರೆ ಕಾವಲುಗಾರರ ಕೋಣೆಗೆ ಸೇರಿಸಿ, ಎಸೆಯಬೇಡಿ. ಎಸೆದ ಬಕೆಟ್ಟಿನ ಬೆಲೆ ಯಾವಾಗಲೂ ಹೊಸದರದ್ದೇ ಆಗಿರುತ್ತದೆ.

ನಮ್ಮ ಮನೆ ಮುಂದೆ ಯಾರ್ಯಾರೋ ಗಾಡಿ ನಿಲ್ಲಿಸುತ್ತಾರೆ. ಹೂಕುಂಡ ಇಟ್ಟೆವು, ಸರಿಸಿದರು. ದೊಡ್ಡ ಕಲ್ಲು ಇಡಬಹುದೇ? ‘ಗಾಳಿ ತೆಗೆಯಲಾಗುವುದು’ ಎಂದು ಬೋರ್ಡ್ ಹಾಕಬಹುದೇ?

‘ಮನೆ ಮುಂದೆ’ ಎಂದರೆ ಎರಡು ಬೇರೆ ಜಾಗ. ಗೇಟಿನ ಮುಂದೆ ಯಾರೂ ನಿಲ್ಲಿಸಬಾರದು, ನಿಮ್ಮ ಗಾಡಿ ಹೊರಬರುವ ದಾರಿ ಅದು. ಕಾಂಪೌಂಡ್ ಗೋಡೆಯ ಮುಂದಿನ ಸಾರ್ವಜನಿಕ ರಸ್ತೆ ನಿಮ್ಮದಲ್ಲ, ಎಷ್ಟು ವರ್ಷ ಗುಡಿಸಿ ನೀರು ಹಾಕಿದ್ದರೂ ಅಲ್ಲ.

ಕಲ್ಲು ಇಡಬೇಡಿ. ರಾತ್ರಿ ಬೈಕಿನವರು ಅದಕ್ಕೆ ಬಿದ್ದರೆ ಹೊಣೆ ನಿಮ್ಮ ತಲೆಗೆ. ಗಾಳಿ ತೆಗೆಯುವುದೂ ಬೇಡ. ಅರ್ಧ ಗಾಳಿಯ ಟೈರ್ ಅವರ ಗಮನಕ್ಕೆ ಬಾರದೆ ವೇಗದಲ್ಲಿ ಬಿಸಿಯಾಗಿ ಒಡೆದರೆ ಅದು ಬರೀ ಕೋಪದ ಮಾತಾಗಿ ಉಳಿಯುವುದಿಲ್ಲ. ಮೇಲಾಗಿ, ಗಾಳಿ ಇಲ್ಲದ ಗಾಡಿ ನಿಮ್ಮ ಗೇಟಿನ ಮುಂದೆಯೇ ಇನ್ನಷ್ಟು ಹೊತ್ತು ನಿಂತಿರುತ್ತದೆ!

ಕೆಲಸಕ್ಕೆ ಬರುವುದು ಅಳತೆ. ನಿಮ್ಮ ಕಾರನ್ನು ಗೇಟಿನಿಂದ ಎರಡು ಸಲ ತೆಗೆದು, ತಿರುವಿಗೆ ಅತ್ತಿತ್ತ ಎಷ್ಟು ಜಾಗ ಬೇಕೋ ನೋಡಿಕೊಳ್ಳಿ. ಕಿರಿದಾದ ರಸ್ತೆಯಲ್ಲಿ ಗೇಟಿನ ಅಗಲದ ಜೊತೆಗೆ ಎರಡೂ ಬದಿ ಒಂದೊಂದು ಮೀಟರಾದರೂ ಬೇಕಾಗುತ್ತದೆ, ಎದುರು ಬದಿಯಲ್ಲೂ ಗಾಡಿ ನಿಲ್ಲುತ್ತಿದ್ದರೆ ಇನ್ನೂ ಹೆಚ್ಚು. ಬೋರ್ಡನ್ನು ಗೇಟಿಗೇ ಹಾಕಿ, ಬೈಗುಳದ ಬದಲು ಮಾಹಿತಿ ಬರೆಯಿರಿ: ‘ಗಾಡಿ ಬರುವ ಹೋಗುವ ದಾರಿ, ದಿನದ 24 ಗಂಟೆ’. ಬೇರೆಯವರ ಗೋಡೆ ಪಕ್ಕ ನಿಲ್ಲಿಸುವವರು ಮುಂದಿನ ಗಾಜಿನೊಳಗೆ ಫೋನ್ ನಂಬರಿನ ಚೀಟಿ ಇಟ್ಟು ಹೋದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮಗ ಬೋಸ್ಟನ್‌ನಲ್ಲಿದ್ದಾನೆ. ಅಲ್ಲಿ ಹಿಮ ತೆಗೆದವರು ಆ ಜಾಗದಲ್ಲಿ ಕುರ್ಚಿ ಇಟ್ಟು ಹೋಗುತ್ತಾರಂತೆ. ಅವನೂ ಇಡಬಹುದೇ?

ಹಿಮದ ತುರ್ತು ಸ್ಥಿತಿ ಘೋಷಣೆಯಾಗಿದ್ದರೆ, ಅದು ಮುಗಿದ ಮೇಲೆ 48 ಗಂಟೆ ಕಾಲ ಇಡಲು ಬೋಸ್ಟನ್ ನಗರ ಬಿಡುತ್ತದೆ. ಅಲ್ಲಿಯ ಸೌತ್ ಎಂಡ್ ಬಡಾವಣೆಯಲ್ಲಿ ಮಾತ್ರ 2015ರಿಂದ ಅದಕ್ಕೂ ಅವಕಾಶವಿಲ್ಲ. ಷಿಕಾಗೊದಲ್ಲಿ ಇದನ್ನು ‘ಡಿಬ್ಸ್’ ಎನ್ನುತ್ತಾರೆ. ಪಿಟ್ಸ್‌ಬರ್ಗ್‌ನಲ್ಲಿ ‘ಪಾರ್ಕಿಂಗ್ ಚೇರ್’ ಎಂದೇ ಹೆಸರು. ಫಿಲಡೆಲ್ಫಿಯಾದ ಪೊಲೀಸರು ಮಾತ್ರ ‘ನೋ ಸೇವ್‌ಸೀಸ್’ (ಜಾಗ ಹಿಡಿದಿಡುವಂತಿಲ್ಲ) ಎಂದು ಪ್ರಚಾರವನ್ನೇ ಮಾಡುತ್ತಾರೆ. ಎಲ್ಲ ಕಡೆಯೂ ವಾದ ಒಂದೇ: ರಸ್ತೆ ಎಲ್ಲರದ್ದು, ಆದರೆ ಎರಡು ಗಂಟೆ ಸಲಿಕೆ ಹಿಡಿದವನ ಬೆನ್ನುನೋವು ಅವನೊಬ್ಬನದ್ದು. ಜಾಗ ಹಿಡಿಯುವ ಪದ್ಧತಿಗಳಲ್ಲಿ ಒಂದಿಷ್ಟು ನ್ಯಾಯ ಕಾಣುವುದು ಇದರಲ್ಲಿ ಮಾತ್ರ, ಏಕೆಂದರೆ ಇಲ್ಲಿ ಜಾಗ ಇರುವುದೇ ಅವನು ತೆಗೆದದ್ದರಿಂದ.

ಮಗನಿಗೆ ಹೇಳಿ: ತಾನೇ ತೆಗೆದ ಒಂದು ಜಾಗಕ್ಕೆ ಮಾತ್ರ ಗುರುತು. ತೆಗೆದ ಹಿಮವನ್ನು ರಸ್ತೆಗಾಗಲಿ ಪಕ್ಕದ ಕಾರಿನ ಮೇಲಾಗಲಿ ಎಸೆಯಬಾರದು, ಅಗ್ನಿಶಾಮಕದ ನಲ್ಲಿ ಮುಚ್ಚಬಾರದು. ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರ್ ಕೊಳವೆಯ ಬಾಯಿಂದ ಹಿಮ ತೆಗೆಯಲೇಬೇಕು. ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ತುಂಬಿ, ವಾಸನೆಯೂ ಬಾರದೆ ಪ್ರಾಣ ತೆಗೆಯುತ್ತದೆ. ಬೇರೆಯವರ ಕುರ್ಚಿ ಸರಿಸಿ ನಿಲ್ಲಿಸುವ ಗೋಜಿಗೆ ಹೋಗದಿರಲಿ. ಅದರ ಸೇಡನ್ನು ಕಾರಿನ ಬಣ್ಣ ತೀರಿಸಬೇಕಾಗುತ್ತದೆ.

ನಿಲ್ಲಿಸಲು ಜಾಗ ತೋರಿಸಿದರೆ ಮಾತ್ರ ಕಾರು ಕೊಳ್ಳಬಹುದು ಎಂಬ ಕಾನೂನು ಎಲ್ಲಾದರೂ ಇದೆಯೇ?

ಜಪಾನಿನಲ್ಲಿದೆ, 1962ರಿಂದ. ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗವಿದೆ ಎಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ತರಬೇಕು. ಚಿಕ್ಕ ‘ಕೇ’ ಕಾರುಗಳಿಗೆ ಕೆಲವೆಡೆ ಸಡಿಲಿಕೆಯಿದೆ. ರಾತ್ರಿ ಹೊತ್ತು ರಸ್ತೆಯಲ್ಲಿ ಒಂದೇ ಕಡೆ 8 ಗಂಟೆಗಿಂತ ಹೆಚ್ಚು ನಿಲ್ಲಿಸುವುದಕ್ಕೂ ಅದೇ ಕಾನೂನಿನಲ್ಲಿ ತಡೆಯಿದೆ.

ಅಂಗವಿಕಲರ ಜಾಗ ಖಾಲಿಯೇ ಇರುತ್ತದೆ. ಎರಡೇ ನಿಮಿಷಕ್ಕೆ ನಿಲ್ಲಿಸಿದರೆ?

ಬೇಡ. ಪಕ್ಕದ ಓರೆಗೆರೆಯ ಪಟ್ಟಿಯಲ್ಲಿ ಬೈಕ್ ನಿಲ್ಲಿಸುವುದೂ ಬೇಡ. ಗಾಲಿಕುರ್ಚಿ ಇಳಿಸಿ, ಬಾಗಿಲು ಪೂರ್ತಿ ತೆರೆದು, ಅದರಲ್ಲಿ ಕೂರಲು 1.2ರಿಂದ 1.5 ಮೀಟರ್ ಬೇಕು, ಆ ಪಟ್ಟಿ ಅದಕ್ಕೇ ಇರುವುದು.

ಮನೆ ಬದಲಾಯಿಸುತ್ತಿದ್ದೇವೆ. ಸಾಮಾನಿನ ಲಾರಿಗೆ ಜಾಗ ಹಿಡಿಯುವುದು ಹೇಗೆ?

ಎರಡು ದಿನ ಮೊದಲೇ ಅಕ್ಕಪಕ್ಕದವರಿಗೆ ಹೇಳಿ, ತಾರೀಖು, ಗಂಟೆ, ಫೋನ್ ನಂಬರ್ ಬರೆದ ಕಾಗದ ಅಂಟಿಸಿ. ಸಂಚಾರ ಪೊಲೀಸರ ಅನುಮತಿ ಬೇಕಾದ ರಸ್ತೆಯಾದರೆ ಮೊದಲೇ ಕೇಳಿ. ಲಾರಿಯ ಉದ್ದದ ಜೊತೆಗೆ ಹಿಂಬಾಗಿಲು ತೆರೆದು ಸಾಮಾನು ಇಳಿಸಲು 2 ಮೀಟರಾದರೂ ಹೆಚ್ಚಿಗೆ ಬಿಡಿ, ಎಲ್ಲರೂ ಮರೆಯುವುದು ಇದನ್ನೇ. ಹಿಂದಿನ ರಾತ್ರಿ ನಿಮ್ಮದೇ ಕಾರನ್ನು ಆ ಜಾಗದಲ್ಲಿ ನಿಲ್ಲಿಸಿ, ಲಾರಿ ಬಂದ ಮೇಲೆ ತೆಗೆಯಿರಿ.