ಟ್ಯೂಬಿಂಗೆನ್‌ಗೆ ಬರುತ್ತಿರುವ ತಂಗಿಗೆ

ತಂಗಿ, ಬಯೋಕೆಮಿಸ್ಟ್ರಿ ಓದಲು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಆದರೆ ಊರು ತೀರಾ ಚಿಕ್ಕದು, ಬರಲೋ ಬೇಡವೋ ಎಂದು ಕೇಳಿದ್ದೀಯ. ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಧೈರ್ಯವಾಗಿ ಬಾ.

ಕಾಂಪೌಂಡು, ದೊಡ್ಡ ಗೇಟು ಹುಡುಕಬೇಡ. ಊರೇ ವಿಶ್ವವಿದ್ಯಾಲಯ. ಸುಮಾರು 90 ಸಾವಿರ ಜನರ ಊರಿಗೆ 28 ಸಾವಿರದಷ್ಟು ವಿದ್ಯಾರ್ಥಿಗಳು. ಒಂದು ವಿಭಾಗ ಹಳೇ ಪೇಟೆಯ ಓಣಿಯಲ್ಲಿ, ಇನ್ನೊಂದು ಗುಡ್ಡದ ಮೇಲೆ.

ಶುರುವಾದದ್ದು 1477ರಲ್ಲಿ. ನೀನು ಮೊದಲು ನೋಡಬೇಕಾದದ್ದು ಕೋಟೆ. 1869ರಲ್ಲಿ ಫ್ರೀಡ್ರಿಶ್ ಮೀಷರ್ ಅದರ ಹಳೇ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿ, ತೊಳೆದು, ಆ ಜೀವಕೋಶಗಳಿಂದ ಯಾರೂ ಕಾಣದ ಒಂದು ವಸ್ತುವನ್ನು ಬೇರೆ ಮಾಡಿದ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ!

ನಿನ್ನದು ಮಂಗಳೂರು ಅಲ್ವಾ? 1843ರಲ್ಲಿ ಅಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲೇ. ಅವರ ಕನ್ನಡದ ಕೆಲಸಕ್ಕೆ 1858ರಲ್ಲಿ ಇದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ನಿಘಂಟಿನ ಕಿಟ್ಟೆಲ್ ಅವರಿಗೂ 1896ರಲ್ಲಿ ಕೊಟ್ಟಿತು. ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ. ಮೊದಲ ಚಳಿಗಾಲದಲ್ಲಿ ಮನೆ ನೆನಪಾಗಿ ಒದ್ದಾಡುತ್ತಿದ್ದಾಗ ನನಗೆ ಇದು ತಿಳಿಯಿತು. ಅವತ್ತು ಸಂಜೆ ನೆಕ್ಕರ್ ನದಿಯ ಸೇತುವೆ ಮೇಲೆ ತುಂಬಾ ಹೊತ್ತು ನಿಂತಿದ್ದೆ. ಕನ್ನಡ ನನಗಿಂತ ಮುಂಚೆಯೇ ಈ ಬೀದಿಗಳಲ್ಲಿ ಓಡಾಡಿತ್ತು.

ಓದಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಲ್ಲಿ ಯಾರೂ ನಿನ್ನ ಬೆನ್ನು ಹತ್ತುವುದಿಲ್ಲ. ಬಹಳಷ್ಟು ಲೆಕ್ಚರ್‌ಗಳಲ್ಲಿ ಹಾಜರಿ ಕೂಗುವುದೇ ಇಲ್ಲ. ಅಕ್ಟೋಬರ್ ಮಧ್ಯದಲ್ಲಿ ಕ್ಲಾಸು ಶುರುವಾದರೆ ಫೆಬ್ರುವರಿ ಬಂದದ್ದೇ ತಿಳಿಯುವುದಿಲ್ಲ, ಪರೀಕ್ಷೆ ಎದುರಿಗಿರುತ್ತದೆ. ವಾರವಾರವೇ ಓದಿಕೋ. 1.0 ಅಂದರೆ ಅತಿ ಒಳ್ಳೆಯ ಅಂಕ, 4.0 ಅಂದರೆ ಬರೀ ಪಾಸು. ಅಪ್ಪ ಅಮ್ಮನಿಗೆ ಮೊದಲೇ ಹೇಳಿಡು.

ಯುರೋಪಿನ ಹೊರಗಿನಿಂದ ಬರುವ ನಮ್ಮಂಥವರಿಗೆ ಈ ರಾಜ್ಯದಲ್ಲಿ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ಜರ್ಮನಿಯಲ್ಲಿ ಎಲ್ಲಾ ಫ್ರೀ ಅಂದುಕೊಂಡು ಬರಬೇಡ. ಕ್ಲಾಸು ಇಂಗ್ಲಿಷಿನಲ್ಲಿದ್ದರೂ ಜರ್ಮನ್ ಕಲಿ. ಊಟದ ಹಾಲ್‌ನಲ್ಲಿ, ಬೇಸಿಗೆಯಲ್ಲಿ ಕೋಲು ಹಾಕಿ ತಳ್ಳುವ ಉದ್ದ ದೋಣಿಗಳಲ್ಲಿ, ಗೆಳೆತನ ಬೆಳೆಯುವುದು ಆ ಭಾಷೆಯಲ್ಲೇ.

ರೂಮು ಸಿಗುವುದು ಮಾತ್ರ ನಿಜಕ್ಕೂ ಕಷ್ಟ. ಹಾಸ್ಟೆಲ್‌ಗೆ ಈಗಲೇ ಅರ್ಜಿ ಹಾಕು. ನೋಡದ ರೂಮಿಗೆ ಯಾರಿಗೂ ದುಡ್ಡು ಕಳಿಸಬೇಡ. ಬೇಕಿದ್ದರೆ ವಿಳಾಸ ಕೊಡು, ನಾನೇ ಹೋಗಿ ನೋಡಿ ಬರುತ್ತೇನೆ.