ಬರೀ ಹಾಡಿನಿಂದ ಓಡಿದ ಸಿನಿಮಾ ಅಲ್ಲ
'ಮುಂಗಾರು ಮಳೆ' ಈಗ ಮೊದಲ ಸಲ ನೋಡಿದೆ, ಹಾಡು ಬಿಟ್ಟರೆ ಅದರಲ್ಲಿ ಏನಿದೆ ಅಂತ ಕೇಳಿದ್ದೀರಿ. ಹಾಡುಗಳು ಚೆನ್ನಾಗಿವೆ, ನಿಜ. ಆದರೆ ನನ್ನನ್ನು ಹಿಡಿದದ್ದು ಮಾತು. ಅದು ಬಂದದ್ದು 2006ರ ಕೊನೆಯಲ್ಲಿ, ಮಚ್ಚು ಹಿಡಿದ ಹೀರೋಗಳ ಕಾಲ. ಅಂಥ ಹೊತ್ತಲ್ಲಿ ನಾಯಕ ಪ್ರೀತಮ್ ಆಗಿ ಗಣೇಶ್ ಒಂದು ಮೊಲದ ಹತ್ತಿರ ತನ್ನ ನೋವು ಹೇಳಿಕೊಳ್ಳುತ್ತಾ ನಗಿಸಿ, ಅದೇ ಉಸಿರಲ್ಲಿ ಅಳಿಸಿಬಿಟ್ಟರು, ನಮ್ಮ ಪಕ್ಕದ ಮನೆ ಹುಡುಗನೇ ಮಾತಾಡಿದ ಹಾಗೆ ಇತ್ತು. ಅನಂತ್ ನಾಗ್ ಜೊತೆಗಿನ ದೃಶ್ಯಗಳನ್ನಂತೂ ಇನ್ನೊಮ್ಮೆ ನೋಡಿ.

ಮಧ್ಯೆ ಕಥೆಯನ್ನು ಎಳೆದಿದ್ದಾರೆ ಅನ್ನೋದನ್ನು ಒಪ್ಪುತ್ತೇನೆ. ಇನ್ನೊಂದು, ನಾಯಕಿ ನಂದಿನಿಯ ಬದುಕಿನ ತೀರ್ಮಾನವನ್ನು ಪ್ರೀತಮ್ ಒಬ್ಬನೇ ಮಾಡಿಬಿಡುತ್ತಾನಲ್ಲ, ಅವಳನ್ನೂ ಒಂದು ಮಾತು ಕೇಳಬೇಕಿತ್ತು ಅಂತ ಈಗ ನೋಡುವಾಗ ಜಾಸ್ತಿ ಅನಿಸುತ್ತದೆ.

ಆದರೂ ಪ್ರೇಮಿಗಳು ಸೇರದೇ ಮುಗಿಯುವ ಕಥೆ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೀರಿ ಓಡಿತು. ಸುಮ್ನೆ ಹಾಡಿಗಾಗಿ ಆಗಿದ್ದರೆ ಜನ ಮನೆಯಲ್ಲೇ ಕೇಳಿಕೊಂಡು ಇರುತ್ತಿದ್ದರು, ಅಲ್ವಾ?

ನೀವು ಫೋನಲ್ಲಿ ನೋಡಿದ್ದರೆ ದಯವಿಟ್ಟು ಒಮ್ಮೆ ದೊಡ್ಡ ಪರದೆಯಲ್ಲಿ, ಹೊರಗೆ ಮಳೆ ಬರುತ್ತಿರುವಾಗ ನೋಡಿ. ಕೃಷ್ಣ ಅವರ ಕ್ಯಾಮೆರಾದಲ್ಲಿ ಆ ಜೋಗ, ಆ ಮಲೆನಾಡಿನ ಹಸಿರು, ಅಂಗೈಯಗಲದ ಪರದೆಗೆ ಹಿಡಿಸುವಂಥದ್ದಲ್ಲ.